ವಾರಸುದಾರರು ಪತ್ತೆ ಇಲ್ಲ

ಚೀಟಿರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಈಗ ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಮತ್ತೆಲ್ಲೂ ಬಳಕೆಯಲ್ಲಿಲ್ಲ. ರೈಲು ನಿಲ್ದಾಣದ ಹಿಂಬದಿಯಲ್ಲಿ, ಪ್ರಯಾಣಿಕರು ಮರೆತು ಹೋದ ಸಾಮಾನುಗಳನ್ನು ಕಾಪಾಡುವ ಒಂದು ಕೋಣೆಯಿದೆ. ಅಲ್ಲಿ ಅವರು ಗುಮಾಸ್ತರು. ಯಾರಾದರೂ ಒಂದು ಕೊಡೆ ತಂದುಕೊಟ್ಟರೆ ಅದಕ್ಕೆ ಕಂದು ರಟ್ಟಿನ ಚೀಟಿ ಕಟ್ಟುವುದು, ಕಪಾಟಿಗೆ ಸೇರಿಸುವುದು, ಆಮೇಲೆ ಇನ್ಯಾರಾದರೂ ಬಂದು "ಅದು ನಂದು" ಎಂದರೆ ನಂಬದೆ ಇರುವುದು, ಇಷ್ಟೇ ಅವರ ಕೆಲಸ. ಇದನ್ನು ಅವರು ಎಷ್ಟು ನಿಷ್ಠೆಯಿಂದ ಮಾಡುತ್ತಿದ್ದರೆಂದರೆ, ಒಮ್ಮೆ ಮೇಲಧಿಕಾರಿಗಳು ಮೇಜಿನ ಮೇಲೆ ಕನ್ನಡಕ ಇಟ್ಟು ಕೈತೊಳೆದು ಬರುವಷ್ಟರಲ್ಲಿ ಅದಕ್ಕೂ ಚೀಟಿ ಬಿದ್ದಿತ್ತು. ಕನ್ನಡಕ ವಾಪಸು ಪಡೆಯಲು ಮೇಲಧಿಕಾರಿಗಳು ಇಬ್ಬರು ಸಾಕ್ಷಿಗಳನ್ನು ಕರೆತರಬೇಕಾಯಿತು. ಅವರನ್ನು ಗುರುತಿಸಲು ಸಾಕ್ಷಿಗಳಿಗೇನೂ ಕಷ್ಟವಾಗಲಿಲ್ಲ; ಸಾಕ್ಷಿಗಳು ಯಾರೆಂದು ಗುರುತಿಸಲು ಕನ್ನಡಕವಿಲ್ಲದ ಅಧಿಕಾರಿಗಳಿಗೇ ಕಷ್ಟವಾಯಿತು.

ಆದರೆ ದೀಪದ ಬುಡದಲ್ಲೇ ಕತ್ತಲೆ. ಲೋಕದ ಸಾಮಾನನ್ನೆಲ್ಲ ಕಾಯುವ ಚೀಟಿರಾಯರು ಸ್ವಂತದ್ದನ್ನು ಹೋದಹೋದಲ್ಲಿ ಬಿಟ್ಟು ಬರುತ್ತಿದ್ದರು. ಊಟದ ಡಬ್ಬಿ ಬಿಟ್ಟು ಬಂದಿದ್ದರು, ಬೀಗದ ಕೈ ಬಿಟ್ಟು ಬಂದಿದ್ದರು, ಒಂದು ಸಲ ಎಡಗಾಲಿನ ಚಪ್ಪಲಿಯನ್ನು ಮಾತ್ರ ಬಿಟ್ಟು ಬಂದಿದ್ದರು. ಅದು ಹೇಗೆ ಸಾಧ್ಯವಾಯಿತೆಂಬುದು ಇವತ್ತಿಗೂ ಮನೆಯವರಿಗೆ ಬಗೆಹರಿದಿಲ್ಲ.

ಅವರ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಮುಖ್ಯ ನರ್ಸಾಗಲು ಬೇಕಾದ ಒಂದು ತಿಂಗಳ ತರಬೇತಿಗೆ ಆಕೆ ಆಯ್ಕೆಯಾಗಿದ್ದಳು. ತರಬೇತಿ ಬೇರೆ ಊರಿನಲ್ಲಿ. ಹೋಗುತ್ತೇನೆ ಅಥವಾ ಇಲ್ಲ ಎಂದು ಆ ಭಾನುವಾರ ಸಂಜೆಯೊಳಗೆ ಆಸ್ಪತ್ರೆಗೆ ತಿಳಿಸಬೇಕಿತ್ತು.

"ಮೂರು ಮಕ್ಕಳನ್ನ ಯಾರು ನೋಡ್ಕೊಳ್ತಾರೆ ಅಂತ ಯೋಚನೆ" ಎಂದಳು ಆಕೆ, ಬೆಳಿಗ್ಗೆ ಡ್ಯೂಟಿಗೆ ಹೊರಡುತ್ತ.

"ನಾನಿಲ್ವಾ?" ಎಂದರು ಚೀಟಿರಾಯರು ಎದೆ ಮುಂದೆ ಮಾಡಿ.

"ನೀವಿದೀರಿ ಅನ್ನೋದೇ ಯೋಚನೆ ರೀ." ಆಕೆ ಚೀಲ ಹೆಗಲಿಗೇರಿಸಿದಳು. "ನೋಡಿ, ಇವತ್ತೊಂದು ದಿನ ಮಕ್ಕಳು ನಿಮ್ಮ ಕೈಲಿ. ಸಂಜೆ ನಾನು ಬಂದಾಗ ಮೂರಕ್ಕೆ ಮೂರೂ ಸರಿಯಾಗಿ ಮನೇಲಿದ್ರೆ ತರಬೇತಿಗೆ ಹೋಗ್ತೀನಿ. ಏನಾದ್ರೂ ಎಡವಟ್ಟಾಯ್ತೋ, ಅಮ್ಮನ್ನ ಕರೆಸ್ತೀನಿ. ಒಂದು ತಿಂಗಳು ಇಲ್ಲೇ ಇರ್ತಾಳೆ. ಅವಳೂ ಬರಲ್ಲ ಅಂದ್ರೆ ತರಬೇತಿ ಆಸೆ ಬಿಟ್ಟುಬಿಡ್ತೀನಿ."

ಅಮ್ಮನೆಂದರೆ ಚೀಟಿರಾಯರ ಅತ್ತೆ, ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆ ಶಾಲೆಯಿಂದ ನಿವೃತ್ತರಾಗಿದ್ದರೇ ಹೊರತು ಹೆಡ್‌ಮಿಸ್ಟ್ರೆಸ್‌ತನದಿಂದ ಆಗಿರಲಿಲ್ಲ. ಬಂದರೆ ಕೋಳಿ ಕೂಗುವ ಮೊದಲೇ ಮಕ್ಕಳನ್ನು ಎಬ್ಬಿಸಿ ಮಗ್ಗಿ ಹೇಳಿಸುತ್ತಿದ್ದರು. ಹೋದ ಸಲ ಅಳಿಯನಿಂದಲೂ ಹೇಳಿಸಿದ್ದರು. ಅಳಿಯ ಹದಿಮೂರರ ಮಗ್ಗಿಯಲ್ಲಿ ಜಾರಿಬಿದ್ದು ಕಾಫಿಗೆ ಕಾಯಬೇಕಾಗಿ ಬಂದಿತ್ತು. ಅತ್ತೆಯ ಭಯ ಒಂದು ಕಡೆಯಾದರೆ, ಇನ್ನೊಂದು ಕಡೆ ಹೆಂಡತಿ ಮುಖ್ಯ ನರ್ಸಾಗಬೇಕೆಂಬ ಆಸೆ ಆಕೆಗಿಂತಲೂ ಚೀಟಿರಾಯರಿಗೇ ಹೆಚ್ಚಾಗಿತ್ತು. ಆಕೆ ರಾತ್ರಿಪಾಳಿ ಮಾಡಿ ಊದಿದ ಕಾಲಿನಲ್ಲಿ ಮನೆಗೆ ಬರುವುದನ್ನು ನೋಡಿ ನೋಡಿ ಅವರಿಗೆ ಸಂಕಟವಾಗುತ್ತಿತ್ತು. ಪಕ್ಕದ ಮನೆಯವರಿಗಂತೂ ಆಕೆ ಆಗಲೇ ಮುಖ್ಯ ನರ್ಸಾಗಿ ಆರು ತಿಂಗಳಾಯಿತೆಂದು ಹೇಳಿಬಿಟ್ಟಿದ್ದರು.

ಆಕೆ ಮೆಟ್ಟಿಲಿಳಿದದ್ದೇ ತಡ, ಮಕ್ಕಳು ಶುರು ಮಾಡಿದವು. "ಅಪ್ಪಾ, ಗಾಜಿನ ಮಾರುಕಟ್ಟೆಗೆ ಹೋಗೋಣ!"

ಮಕ್ಕಳ ಪರಿಚಯವನ್ನೂ ಮಾಡಿಬಿಡಬೇಕು. ದೊಡ್ಡವಳು ಮಾತುಮಾತಿಗೂ ವಾದಕ್ಕಿಳಿಯುವವಳು, ಹಾಗಾಗಿ ಮನೆಯಲ್ಲಿ ಅವಳು ಲಾಯರಮ್ಮ. ನಡುವಿನವನು ತಿಂಡಿಪೋತ, ವಿವರಣೆ ಬೇಕಿಲ್ಲ. ಕಡೆಯವಳು ಅಳಲು ಶುರು ಮಾಡುವ ಮುಂಚೆ ಸಣ್ಣ ದನಿಯಲ್ಲಿ ಶ್ರುತಿ ಹಿಡಿಯುತ್ತಾಳೆ, ಆಮೇಲೆ ಕೊಯ್ಯುತ್ತಾಳೆ. ಅವಳು ಪಿಟೀಲು.

ಪಿಟೀಲು ಶ್ರುತಿ ಹಿಡಿದಾಗ ಚೀಟಿರಾಯರು ಒಪ್ಪಿದರು. ಆದರೆ ಅವರು ಜವಾಬ್ದಾರಿಯುಳ್ಳ ಮನುಷ್ಯ. ಜೇಬುಗಳು ಜಾಸ್ತಿ ಇವೆಯೆಂದು ಹಿತ್ತಾಳೆ ಬಿಲ್ಲೆಯ ಆಫೀಸ್ ಕೋಟನ್ನೇ ಹಾಕಿಕೊಂಡರು. ಅದರ ಜೇಬಿನಲ್ಲಿ ಕಂದು ಚೀಟಿಗಳ ಕಟ್ಟು ಸಿಕ್ಕಿತು. ಇವತ್ತಿನವರೆಗೆ ಅವರು ಚೀಟಿ ಕಟ್ಟಿದ ಒಂದೇ ಒಂದು ಸಾಮಾನೂ ಕಳೆದಿರಲಿಲ್ಲ. ಮನಸ್ಸಿನಲ್ಲಿ ಒಂದು ಬೆಳಕು ಹೊಳೆಯಿತು. ಮೂವರನ್ನೂ ಸಾಲಾಗಿ ನಿಲ್ಲಿಸಿ, ಅಂಗಿಯ ಗುಂಡಿಗೆ ಒಂದೊಂದು ಚೀಟಿ ಕಟ್ಟಿ, ಬಿಚ್ಚಲಾಗದಂಥ ಇಲಾಖೆಯ ಗಂಟು ಹಾಕಿದರು.

"ಅಪ್ಪಾ, ಇದರಲ್ಲಿ ಏನು ಬರ್ದಿದೆ ಅಂತ ನೀನು ಓದಿದೀಯಾ?" ಎಂದಳು ಲಾಯರಮ್ಮ.

"ನಾನು ಇಪ್ಪತ್ತು ವರ್ಷದಿಂದ ಕಟ್ತಿರೋ ಚೀಟಿ. ನಂಗೇ ಪಾಠ ಹೇಳ್ಬೇಡ."

ಇಪ್ಪತ್ತು ವರ್ಷ ಒಂದೇ ಚೀಟಿಯನ್ನು ಕಟ್ಟಿದವನಿಗೆ ಅದರ ಮೇಲಿನ ಅಕ್ಷರ ಕಾಣುವುದು ನಿಂತುಹೋಗಿರುತ್ತದೆ. ಅಲ್ಲಿ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: "ಸಿಕ್ಕಿದ ಮಾಲು. ವಾರಸುದಾರರು ಪತ್ತೆ ಇಲ್ಲ. ಕಂಡವರು ಕಚೇರಿಗೆ ತಲುಪಿಸುವುದು."

ಹೀಗೆ ಸಕಲ ಎಚ್ಚರಿಕೆಗಳನ್ನೂ ತೆಗೆದುಕೊಂಡು, ಫೋನನ್ನೂ ಪರ್ಸನ್ನೂ ಮನೆಯಲ್ಲೇ ಮರೆತು, ಚೀಟಿರಾಯರು ಹೊರಟರು.

ಗಾಜಿನ ಮಾರುಕಟ್ಟೆಯೆಂದರೆ ಕಬ್ಬಿಣದ ಕಂಬಗಳ ಮೇಲೆ ಗಾಜಿನ ಚಾವಣಿ ಹೊದಿಸಿದ ಒಂದು ದೊಡ್ಡ ಕಟ್ಟಡ. ಎಲ್ಲೆಲ್ಲಿಂದಲೋ ಬಂದು ಆ ಊರಿನಲ್ಲಿ ನೆಲೆಸಿದವರೆಲ್ಲ ಅಲ್ಲಿ ಅಂಗಡಿ ಇಟ್ಟಿದ್ದರು. ಬೆಟ್ಟದ ದೇಶದವಳು ಚೀಸ್ ಮಾರುತ್ತಿದ್ದಳು, ಮರಳುಗಾಡಿನ ಕಡೆಯ ತಾತ ಒಣಹಣ್ಣು ಮಾರುತ್ತಿದ್ದ, ಯಾವುದೋ ದ್ವೀಪದ ಒಬ್ಬ ಆಜಾನುಬಾಹು ಮೀನು ಮಾರುತ್ತಿದ್ದ. ಗಿರಾಕಿಗಳ ಜೊತೆ ಎಲ್ಲರೂ ಊರಿನ ಭಾಷೆ ಆಡುತ್ತಿದ್ದರು. ಜಗಳಕ್ಕೆ ಮಾತ್ರ ಅವರವರ ಮನೆಮಾತು. ರುಚಿ ನೋಡಲು ಒಂದೊಂದು ಚೂರು ಕೊಡುವುದು ಅಲ್ಲಿ ಎಲ್ಲ ಅಂಗಡಿಯವರಿಗೂ ರೂಢಿಯಾಗಿತ್ತು.

ಚೀಸಿನವಳು ಮಕ್ಕಳ ಚೀಟಿ ನೋಡಿದಳು. ಓದಿದಳು. ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಆಮೇಲೆ ಚೀಟಿರಾಯರ ಕೋಟು, ಹಿತ್ತಾಳೆ ಬಿಲ್ಲೆ ನೋಡಿದಳು.

"ಸಾರ್, ತಾವು ಆಫೀಸರ್ರಾ?"

ಜೀವಮಾನದಲ್ಲಿ ಯಾರೂ ಚೀಟಿರಾಯರಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಇಲ್ಲಮ್ಮ, ಗುಮಾಸ್ತ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚೀಟಿರಾಯರು ಗಂಟಲು ಸರಿಮಾಡಿಕೊಂಡು ಎಂದರು: "ಹೌದು. ಕಳೆದುಹೋದದ್ದೆಲ್ಲಾ ನನ್ನ ಸುಪರ್ದಿಗೇ ಬರೋದು."

"ಅಯ್ಯೋ ಪಾಪ! ಈ ಮೂರೂ ರೈಲಲ್ಲಿ ಸಿಕ್ಕಿದ್ವಾ?"

ಚೀಟಿರಾಯರು ಅಷ್ಟರಲ್ಲಿ ಚೀಸಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡಿದ್ದರು. ಪ್ರಶ್ನೆ ಆಫೀಸಿನ ಸಾಮಾನಿನ ಬಗ್ಗೆ ಎಂದುಕೊಂಡು ಗಂಭೀರವಾಗಿ ತಲೆಯಾಡಿಸಿದರು. "ರೈಲಲ್ಲಿ ಏನೇನು ಬಿಟ್ಟು ಹೋಗ್ತಾರೆ ಅಂತ ಕೇಳ್ಬೇಡಿ ತಾಯಿ. ಜನಕ್ಕೆ ಜವಾಬ್ದಾರೀನೇ ಇಲ್ಲ."

ಚೀಸಿನವಳಿಗೆ ಕಣ್ಣೀರು ಬಂತು. ಮಕ್ಕಳ ಕೈಗೆ ಚೂರಲ್ಲ, ಗಡ್ಡೆಗಟ್ಟಲೆ ಚೀಸ್ ಇಟ್ಟು ಪಕ್ಕದ ಬ್ರೆಡ್ಡಿನವಳಿಗೆ ವಿಷಯ ಮುಟ್ಟಿಸಿದಳು. ಬ್ರೆಡ್ಡಿನವಳು ತನ್ನ ಭಾಷೆಯಲ್ಲಿ ಗಂಡನಿಗೆ ಹೇಳಿದಳು, ಗಂಡ ಇನ್ನೊಂದು ಭಾಷೆಯಲ್ಲಿ ಎದುರಿನ ಹೂವಿನವನಿಗೆ ಹೇಳಿದ. ಸುದ್ದಿ ಒಂದೊಂದು ಭಾಷೆ ದಾಟಿದಾಗಲೂ ಒಂದೊಂದು ಸುತ್ತು ದಪ್ಪವಾಯಿತು. ಬ್ರೆಡ್ಡಿನ ಅಂಗಡಿಯಲ್ಲಿ ಮೂರು ಮಕ್ಕಳು ರೈಲಿನಲ್ಲಿ ಸಿಕ್ಕಿದ್ದವು. ಹೂವಿನ ಅಂಗಡಿಗೆ ಬಂದಾಗ ಅವನ್ನು ಯಾರೋ ಪೆಟ್ಟಿಗೆಯಲ್ಲಿಟ್ಟು ಬಿಟ್ಟುಹೋಗಿದ್ದರು. ಒಣಹಣ್ಣಿನ ತಾತನಿಗೆ ಸುದ್ದಿ ತಲುಪುವಷ್ಟರಲ್ಲಿ ಮಕ್ಕಳು ಹಡಗೊಡೆದು, ಹಲಗೆ ಹಿಡಿದುಕೊಂಡು ತೇಲಿ, ದಡ ಸೇರಿ, ಅಲ್ಲಿಂದ ರೈಲು ಹತ್ತಿದ್ದವು.

ಚೀಟಿರಾಯರಿಗೆ ಇದಾವುದೂ ಗೊತ್ತಿಲ್ಲ. ಹೋದಲ್ಲೆಲ್ಲ ಜನ ಎದ್ದು ನಿಲ್ಲುತ್ತಿದ್ದರು, "ಬನ್ನಿ ಆಫೀಸರ್" ಎನ್ನುತ್ತಿದ್ದರು, ಮಕ್ಕಳ ಬಾಯಿಗೆ ತುರುಕುತ್ತಿದ್ದರು. ಕೋಟಿನ ಮಹಿಮೆ ಎಂದುಕೊಂಡು ಅವರು ಇನ್ನಷ್ಟು ನೆಟ್ಟಗೆ ನಡೆದರು. ತಿಂಡಿಪೋತ ಎರಡೂ ಕೆನ್ನೆ ಉಬ್ಬಿಸಿಕೊಂಡಿದ್ದ. ವಿಷಯ ಅರ್ಥವಾಗಿದ್ದು ಲಾಯರಮ್ಮನಿಗೊಬ್ಬಳಿಗೆ. ಅವಳು ತಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಇಬ್ಬರೂ ಮುಖವನ್ನು ಸ್ವಲ್ಪ ಬಾಡಿಸಿಕೊಂಡು ನಡೆಯತೊಡಗಿದರು. ಬಾಡಿದ ಮುಖಕ್ಕೆ ಖರ್ಜೂರ ಹೆಚ್ಚು ಸಿಗುತ್ತಿತ್ತು.

ಒಣಹಣ್ಣಿನ ತಾತ ತಿಂಡಿಪೋತನ ಗಲ್ಲ ಹಿಡಿದೆತ್ತಿ ದಿಟ್ಟಿಸಿದ. "ಈ ಮೂಗು! ಇದು ನಮ್ಮೂರ ಮೂಗು! ನಮ್ಮಣ್ಣನಿಗೆ ಹೀಗೇ ಇತ್ತು."

"ಸುಮ್ನಿರು ತಾತ" ಎಂದ ಮೀನಿನವನು, ಕತ್ತಿ ಹಿಡಿದುಕೊಂಡೇ ಓಡಿಬಂದು. "ಆ ಕಿವಿ ನೋಡು. ನಮ್ಮ ದ್ವೀಪದಲ್ಲಿ ಬಿಟ್ರೆ ಅಂಥ ಕಿವಿ ಪ್ರಪಂಚದಲ್ಲೇ ಇಲ್ಲ. ಲೇ ಮಗನೇ, ನಾನು ನಿನ್ನ ಮಾವ ಕಣೋ!"

"ಹುಡುಗೀರನ್ನ ನೋಡಿ ಮೊದಲು" ಎಂದು ಚೀಸಿನವಳು ನುಗ್ಗಿದಳು. "ಈ ಹಣೆ ಬೆಟ್ಟದವರ ಹಣೆ. ಮೊಂಡು ಹಣೆ. ನನ್ನ ತಂಗಿ ಮಕ್ಕಳು ಇವು."

ಮನೆಬಿಟ್ಟು ದೂರ ಬಂದವರಿಗೆ ಕಂಡವರ ಮುಖದಲ್ಲೆಲ್ಲ ತಮ್ಮವರೇ ಕಾಣುತ್ತಾರೆ, ತಪ್ಪೇನಿಲ್ಲ. ಆದರೆ ತಾತ ತಿಂಡಿಪೋತನ ಬಲಗೈ ಹಿಡಿದ, ಮೀನಿನವನು ಎಡಗೈ ಹಿಡಿದ, ಪಿಟೀಲು ಚೀಸಿನವಳ ಕಂಕುಳೇರಿ ಕುಳಿತಳು. ಆಗ ಚೀಟಿರಾಯರಿಗೆ ಎಚ್ಚರವಾಯಿತು.

"ಏಯ್, ಬಿಡ್ರೀ! ಅವು ನನ್ನ ಮಕ್ಕಳು!"

ಸುತ್ತಲಿದ್ದವರೆಲ್ಲ ಅವರ ಕಡೆ ತಿರುಗಿದರು.

"ನಿಮ್ಮ ಮಕ್ಕಳಾ?" ಎಂದಳು ಚೀಸಿನವಳು ನಿಧಾನವಾಗಿ. "ಈಗ ತಾನೇ ರೈಲಲ್ಲಿ ಸಿಕ್ಕಿದ್ವು ಅಂದ್ರಿ."

"ನಾನೆಲ್ಲಿ ಅಂದೆ?"

"ತಲೆ ಆಡಿಸ್ಲಿಲ್ವಾ? ಜನಕ್ಕೆ ಜವಾಬ್ದಾರಿ ಇಲ್ಲ ಅನ್ಲಿಲ್ವಾ?"

ಒಣಹಣ್ಣಿನ ತಾತ ಎದೆ ಎದೆ ಬಡಿದುಕೊಂಡ. "ಬೇಲಿಯೇ ಎದ್ದು ಹೊಲ ಮೇಯ್ತು! ಸಿಕ್ಕಿದ ಮಕ್ಕಳನ್ನ ಆಫೀಸರ್ರೇ ಮನೆಗೆ ಹೊಡ್ಕೊಂಡು ಹೋಗ್ತಿದಾನೆ!"

ಚೀಟಿರಾಯರು ಆಗ ಮೊದಲ ಬಾರಿಗೆ ಬಗ್ಗಿ ತಿಂಡಿಪೋತನ ಅಂಗಿಯ ಮೇಲಿದ್ದ ಚೀಟಿಯನ್ನು ಓದಿದರು. ಓದಿದವರು ಹಾಗೇ ಬಗ್ಗಿಕೊಂಡೇ ಇದ್ದರು. ಬಿಚ್ಚಲು ನೋಡಿದರೆ ಇಲಾಖೆಯ ಗಂಟು ಬಿಚ್ಚಲಿಲ್ಲ.

ಎಲ್ಲರನ್ನೂ ಮೇಲಂತಸ್ತಿಗೆ, ಮಾರುಕಟ್ಟೆಯ ಮೇಲ್ವಿಚಾರಕರ ಗಾಜಿನ ಕೋಣೆಗೆ ಸಾಗಿಸಲಾಯಿತು. ಮೀನಿನವನು ಕತ್ತಿ ಕೆಳಗಿಡುವುದನ್ನು ಮರೆತಿದ್ದರಿಂದ ಚೀಟಿರಾಯರು ಹೆಚ್ಚು ವಾದಿಸಲಿಲ್ಲ. ಮೇಲ್ವಿಚಾರಕರು ತೆಳ್ಳಗಿನ ಮೀಸೆಯ, ನಿಯಮದ ಮನುಷ್ಯ. ಚೀಟಿರಾಯರಂಥವರೇ, ಇನ್ನೊಂದು ಇಲಾಖೆಯಲ್ಲಿ.

"ಮಾಲು ನಿಮ್ಮದು ಅನ್ನೋದಕ್ಕೆ ಏನು ಗುರುತು?"

"ಮಾಲಲ್ಲ ಸ್ವಾಮಿ, ಮಕ್ಕಳು. ನೋಡಿದ್ರೆ ಗೊತ್ತಾಗಲ್ವಾ?"

"ನೋಡಿದ್ದೆಲ್ಲಾ ನಂಬೋ ಹಾಗಿದ್ರೆ ನಾವ್ಯಾಕೆ ಇಲ್ಲಿ ಕೂತಿರ್ತಿದ್ವಿ?" ಎಂದರು ಮೇಲ್ವಿಚಾರಕರು. ಇದೇ ಮಾತನ್ನು ದಿನಾ ಹೇಳುವ ಚೀಟಿರಾಯರಿಗೆ ಅದು ಕೇಳಲು ಇಷ್ಟು ಕೆಟ್ಟದಾಗಿರುತ್ತದೆಂದು ಗೊತ್ತಿರಲಿಲ್ಲ. "ಹೇಳಿ. ದೊಡ್ಡ ಹುಡುಗಿ ಯಾವ ಕ್ಲಾಸು?"

"ನಾಲ್ಕನೇ ಕ್ಲಾಸು."

"ಐದು" ಎಂದಳು ಲಾಯರಮ್ಮ.

"ಹುಡುಗನಿಗೆ ಹಲ್ಲು ಎಷ್ಟು ಬಿದ್ದಿವೆ?"

"ಹಲ್ಲು ಬಿದ್ದಿದ್ಯಾ?" ಎಂದು ಚೀಟಿರಾಯರು ಗಾಬರಿಯಿಂದ ಮಗನ ಬಾಯಿ ನೋಡಿದರು. ಬಾಯಿ ತುಂಬ ಖರ್ಜೂರವಿದ್ದುದರಿಂದ ಏನೂ ಕಾಣಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಇಡೀ ಮಾರುಕಟ್ಟೆ "ಥೂ" ಎಂದಿತು. ಎಷ್ಟು ಭಾಷೆಯವರಿದ್ದರೂ ಥೂ ಒಂದೇ ಥರ ಕೇಳಿಸಿತು.

"ಮಕ್ಕಳನ್ನೇ ಕೇಳೋಣ" ಎಂದರು ಮೇಲ್ವಿಚಾರಕರು. "ಪುಟ್ಟೀ, ಇವರು ಯಾರಮ್ಮ?"

ಪಿಟೀಲು ಅಪ್ಪನನ್ನು ನೋಡಿದಳು. ಕೆಳಗೆ ಅವಳು ಬಲೂನು ಕೇಳಿದಾಗ ಅಪ್ಪ ಕೊಡಿಸಿರಲಿಲ್ಲ. "ಆಫೀಸರ್" ಎಂದಳು.

"ಅಯ್ಯೋ ಪಾಪಿ! ಲಾಯರಮ್ಮಾ, ನೀನಾದ್ರೂ ಹೇಳೇ!"

ಲಾಯರಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ತಾತನ ಕೈಯಲ್ಲಿ ಬಾದಾಮಿಯ ಪೊಟ್ಟಣವಿತ್ತು. "ಯೋಚನೆ ಮಾಡೋಕೆ ಟೈಮ್ ಬೇಕು" ಎಂದಳು.

ಚೀಟಿರಾಯರಿಗೆ ನಿಜವಾಗಿಯೂ ಅಳು ಬಂತು. ಮಕ್ಕಳು ಎಲ್ಲಿಗೂ ಹೋಗುವುದಿಲ್ಲ, ಅದು ಅವರಿಗೂ ಗೊತ್ತಿತ್ತು. ಆದರೆ ಸಂಜೆ ಹೆಂಡತಿ ಮನೆಗೆ ಬಂದು ನೋಡಿದರೆ ಮೂರೂ ಇರುವುದಿಲ್ಲ. ಆಕೆ ಬೈಯುವುದಿಲ್ಲ, ಅದೇ ಕಷ್ಟ. ಏನೂ ಹೇಳದೆ ಆಸ್ಪತ್ರೆಗೆ ಫೋನು ಮಾಡಿ, ನನ್ನ ಬದಲು ಬೇರೆಯವರನ್ನು ಕಳಿಸಿ ಎಂದುಬಿಡುತ್ತಾಳೆ.

"ಇವರ ಮನೆಯವರ ನಂಬರ್ ಯಾರಿಗಾದ್ರೂ ಗೊತ್ತಾ?" ಎಂದರು ಮೇಲ್ವಿಚಾರಕರು. ಹೆಂಡತಿಯ ನಂಬರು ಚೀಟಿರಾಯರ ಮನೆಯಲ್ಲಿದ್ದ ಫೋನಿಗೆ ಗೊತ್ತಿತ್ತು, ಚೀಟಿರಾಯರಿಗೆ ಗೊತ್ತಿರಲಿಲ್ಲ.

"ಅಜ್ಜಿ ನಂಬರ್ ಗೊತ್ತು" ಎಂದ ತಿಂಡಿಪೋತ, ಆ ದಿನ ಮೊದಲ ಬಾರಿಗೆ ಬಾಯಿ ಖಾಲಿ ಮಾಡಿಕೊಂಡು. ಅಜ್ಜಿ ಅದನ್ನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿಸಿದ್ದರು. ಅವನು ರಾಗವಾಗಿ ಹೇಳಿದ. ಲಾಯರಮ್ಮ ಅವನ ಬಾಯಿ ಮುಚ್ಚಲು ಹಾರಿದಳು, ತಡವಾಗಿತ್ತು.

"ಬೇಡ ಸ್ವಾಮಿ!" ಎಂದು ಚೀಟಿರಾಯರು ಮೇಜು ಹಿಡಿದುಕೊಂಡರು. "ಬೇಕಿದ್ರೆ ಪೊಲೀಸರನ್ನ ಕರೀರಿ. ಮಿಲಿಟರಿ ಕರೀರಿ. ಆಯಮ್ಮನ್ನ ಮಾತ್ರ ಕರೀಬೇಡಿ!"

"ಅಪ್ಪಾ!" ಎಂದು ಲಾಯರಮ್ಮ ಕೋಟು ಹಿಡಿದುಕೊಂಡಳು. "ಅಪ್ಪಾ!" ಎಂದು ತಿಂಡಿಪೋತ ಕಾಲು ತಬ್ಬಿಕೊಂಡ. ಪಿಟೀಲು ಶ್ರುತಿಯ ಗೋಜಿಗೇ ಹೋಗದೆ ನೇರ ಕೊಯ್ದಳು. ಅಜ್ಜಿಯ ಹೆಸರು ಕೇಳಿದ್ದೇ ಮೂರು ಮಕ್ಕಳಿಗೂ ಒಮ್ಮೆಗೇ ತಂದೆಯ ಗುರುತು ಸಿಕ್ಕಿತು.

"ಈಗ ಹೇಳಿದ್ರೆ ನಡೆಯಲ್ಲ" ಎಂದು ಮೇಲ್ವಿಚಾರಕರು ನಂಬರು ಒತ್ತಿದರು. "ಬೆದರಿಸಿ ಹೇಳಿಸಿದ ಹಾಗಿದೆ."

ಅತ್ತೆ ಟ್ಯಾಕ್ಸಿಯಲ್ಲಿ ಬಂದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದ್ದೇ ತಡ, ಯಾರೂ ಹೇಳದಿದ್ದರೂ ಜನ ಎರಡು ಸಾಲಾಗಿ ನಿಂತರು. ಮೀನಿನವನು ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಚೀಟಿರಾಯರು ತಲೆ ತಗ್ಗಿಸಿದ್ದರಿಂದ ಅವರಿಗೆ ಅತ್ತೆಯ ಪಾದಗಳಷ್ಟೇ ಕಂಡವು. ಅವಕ್ಕೆ ಥಳಥಳಿಸುವ ಹೊಸ ಬಿಳಿ ಓಟದ ಬೂಟುಗಳಿದ್ದವು. ಇದೇನೆಂದು ಅವರಿಗೆ ಅರ್ಥವಾಗಲಿಲ್ಲ.

"ತಾಯೀ, ಈ ಮನುಷ್ಯ ನಿಮಗೆ ಗೊತ್ತಾ?"

ಅತ್ತೆ ಅಳಿಯನನ್ನು ನೋಡಿದರು. ಮಕ್ಕಳ ಎದೆಯ ಮೇಲಿನ ಚೀಟಿ ಓದಿದರು. ಮತ್ತೆ ಅಳಿಯನನ್ನು ನೋಡಿದರು. ಚೀಟಿರಾಯರು ಹದಿಮೂರರ ಮಗ್ಗಿಯನ್ನು ಮನಸ್ಸಿನಲ್ಲೇ ಶುರು ಮಾಡಿದರು.

"ಇವರಾ?" ಎಂದರು ಅತ್ತೆ. "ಇವರು ದೇವರಂಥ ಮನುಷ್ಯ."

ಚೀಟಿರಾಯರು ಯಾರಪ್ಪ ಅದು ಎಂದು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆಯಿತ್ತು.

"ನನ್ನ ಅಳಿಯ. ಈ ಮಕ್ಕಳ ತಂದೆ. ಕಣ್ಣಲ್ಲಿ ಕಣ್ಣಿಟ್ಟು ಮಕ್ಕಳನ್ನ ಸಾಕ್ತಾರೆ."

"ಮಗನ ಹಲ್ಲು ಬಿದ್ದಿದ್ದು ಗೊತ್ತಿಲ್ಲ ಇವರಿಗೆ."

"ಮಕ್ಕಳ ಹಲ್ಲು ಎಣಿಸೋದು ದಂತವೈದ್ಯರ ಕೆಲಸ."

"ಮತ್ತೆ ಆ ಚೀಟಿ? ವಾರಸುದಾರರು ಪತ್ತೆ ಇಲ್ಲ ಅಂತಿದೆಯಲ್ಲ?"

ಅತ್ತೆ ಹೆಡ್‌ಮಿಸ್ಟ್ರೆಸ್ ದನಿ ತೆಗೆದರು. "ಅದು ಮುನ್ನೆಚ್ಚರಿಕೆ! ಕೆಳಗೆ ಅಷ್ಟು ಜನ ಅಪ್ಪಂದಿರು ಓಡಾಡ್ತಿದಾರಲ್ಲ, ಮಕ್ಕಳಿಗೆ ಚೀಟಿ ಕಟ್ಟಿರೋನು ಒಬ್ಬನನ್ನ ತೋರ್ಸಿ ನೋಡೋಣ! ನೆಟ್ಟಗೆ ನಿಂತ್ಕೊಂಡು ಮಾತಾಡಿ!"

ಮೇಲ್ವಿಚಾರಕರು ನೆಟ್ಟಗೆ ನಿಂತರು. ಬಾಗಿಲಲ್ಲಿದ್ದವರೂ ನಿಂತರು. ಅಲ್ಲಿಗೆ ವಿಚಾರಣೆ ಮುಗಿಯಿತು. ಚೀಸಿನವಳು ಕತ್ತರಿ ತಂದು ಚೀಟಿಗಳನ್ನು ಕತ್ತರಿಸಿದಳು. ಮೀನಿನವನು ಮಾತ್ರ ತಿಂಡಿಪೋತನ ಕಿವಿ ಸವರಿ, "ನಿಜವಾಗ್ಲೂ ನಮ್ಮ ಕಡೆಯವನಲ್ವಾ?" ಎಂದು ಮತ್ತೊಮ್ಮೆ ಕೇಳಿದ. ಅವನ ಮುಖ ನೋಡಲಾಗದೆ ಚೀಟಿರಾಯರು, "ಪ್ರತಿ ಭಾನುವಾರ ಕರ್ಕೊಂಡು ಬರ್ತೀನಿ ಬಿಡಿ" ಎಂದುಬಿಟ್ಟರು.

ಹೊರಗೆ ಬಂದ ಮೇಲೆ ಅವರು ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ. "ಅತ್ತೆ, ನಿಮ್ಮ ಋಣ ಈ ಜನ್ಮದಲ್ಲಿ..."

"ಮುಚ್ಚಿ ಬಾಯಿ" ಎಂದರು ಅತ್ತೆ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮುಂದಿನ ವಾರ ನಾನು ಗೆಳತಿಯರ ಜೊತೆ ಸಮುದ್ರ ನೋಡೋಕೆ ಹೋಗ್ತಿದೀನಿ. ಒಂದು ತಿಂಗಳು. ಟಿಕೆಟ್ ಆಗಿದೆ, ಬೂಟೂ ತಗೊಂಡಾಗಿದೆ. ನಲವತ್ತು ವರ್ಷ ಊರವರ ಮಕ್ಕಳನ್ನ ಕಾದೆ, ಆಮೇಲೆ ನನ್ನ ಮಕ್ಕಳ ಮಕ್ಕಳನ್ನ ಕಾದೆ. ಸಾಕು. ನೀವು ದಡ್ಡರು ಅಂತ ನನ್ನ ಮಗಳಿಗೆ ಗೊತ್ತಾದ್ರೆ ನನ್ನ ಸಮುದ್ರಕ್ಕೆ ಕಲ್ಲು. ಹಾಗಾಗಿ ನೀವು ದಡ್ಡರಲ್ಲ. ತಿಳೀತಾ?"

"ತಿಳೀತು ಅತ್ತೆ."

"ಮಕ್ಕಳೇ, ಇವತ್ತು ಏನಾಯ್ತು?"

"ಏನೂ ಆಗ್ಲಿಲ್ಲ ಅಜ್ಜಿ" ಎಂದವು ಮೂರೂ ಒಕ್ಕೊರಲಿನಿಂದ. ಅಜ್ಜಿಗೆ ಸಮುದ್ರವೆಂದರೆ ತಮಗೂ ಒಂದು ತಿಂಗಳು ಮಗ್ಗಿಯಿಲ್ಲವೆಂದು ಲಾಯರಮ್ಮ ಆಗಲೇ ತಮ್ಮತಂಗಿಯರಿಗೆ ವಿವರಿಸಿದ್ದಳು.

ಸಂಜೆ ಹೆಂಡತಿ ಮನೆಗೆ ಬಂದಾಗ ಮೂರೂ ಮಕ್ಕಳು ಕೈಕಾಲು ತೊಳೆದು ಸಾಲಾಗಿ ಕುಳಿತಿದ್ದವು. ಆಕೆ ಒಂದೊಂದನ್ನೂ ಮುಟ್ಟಿ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕುಳಿತು ಊದಿದ ಕಾಲು ಚಾಚಿದಳು. ಕಣ್ಣು ತುಂಬಿಕೊಂಡಿತ್ತು.

"ಅಮ್ಮ ಫೋನ್ ಮಾಡಿದ್ಲು ರೀ. ಮಾರುಕಟ್ಟೇಲಿ ಅಕಸ್ಮಾತ್ ನಿಮ್ಮನ್ನ ನೋಡಿದ್ಲಂತೆ. ಮಕ್ಕಳನ್ನ ಅಷ್ಟು ಚೆನ್ನಾಗಿ ನೋಡ್ಕೊಳ್ಳೋ ಗಂಡಸನ್ನ ತನ್ನ ಜನ್ಮದಲ್ಲೇ ನೋಡಿಲ್ವಂತೆ. ನಾನು ಹೋಗ್ತೀನಿ ಅಂತ ಆಸ್ಪತ್ರೆಗೆ ಹೇಳ್ಬಿಟ್ಟೆ." ಆಕೆ ಗಂಡನ ಕೈ ಹಿಡಿದುಕೊಂಡಳು. "ನಿಮ್ಮನ್ನ ನಾನು ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ."

ಚೀಟಿರಾಯರಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು ನಕ್ಕರು.

"ಇನ್ನೊಂದು ವಿಷಯ" ಎಂದಳು ಹೆಂಡತಿ. "ನಿಮ್ಮನ್ನ ಹೊಗಳೋ ಭರದಲ್ಲಿ ಅಮ್ಮ ನಮ್ಮಕ್ಕನಿಗೂ ಫೋನ್ ಮಾಡಿದ್ಲಂತೆ. ಅಕ್ಕ ಭಾವ ಮನೆ ಕಟ್ಟಿಸ್ತಿದಾರಲ್ಲ, ಪಾಪ, ಧೂಳು. ನೀವಿದ್ದೀರಿ ಅಂತ ಧೈರ್ಯವಾಗಿ ಅವರ ನಾಲ್ಕು ಮಕ್ಕಳನ್ನೂ ಈ ಒಂದು ತಿಂಗಳು ಇಲ್ಲೇ ಬಿಡ್ತಾರಂತೆ. ನಿಮಗೆ ಕಷ್ಟ ಅಂದ್ರೆ ಬೇಡ. ನಾನೂ ತರಬೇತಿ ಬಿಟ್ಟುಬಿಡ್ತೀನಿ."

ಚೀಟಿರಾಯರು ಬಾಯಿ ತೆರೆದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿರಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಆಕೆಯ ಊದಿದ ಕಾಲಿನ ಮೇಲೆ ಬಿತ್ತು.

"ನಾಲ್ಕೇನಾ?" ಎಂದರು. "ಪಕ್ಕದ ಮನೆಯವರದ್ದು ಇದ್ರೆ ಅವನ್ನೂ ಕಳಿಸೋಕೆ ಹೇಳು."

ಹೇಳಿ, ಒಳಗೆ ಹೋಗಿ, ಎರಡು ಲೋಟ ನೀರು ಕುಡಿದರು. ಹೊರಗೆ ಬರುವಷ್ಟರಲ್ಲಿ ಹೆಂಡತಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಳು.